ಸೇಲ್ ಬೋರ್ಡಿನ ಮೊಳೆ, ಆಮೇಲೆ ಬರುವ ಮಳೆ

ಜಯನಗರ, ರಾಜಾಜಿನಗರ, ಬನಶಂಕರಿ, ಯಾವ ಬಡಾವಣೆಯ ಅಡ್ಡರಸ್ತೆಗೆ ಹೋದರೂ ಒಂದೆರಡು ಕಾಂಪೌಂಡಿನ ಮೇಲೆ ‘ಮನೆ ಮಾರಾಟಕ್ಕಿದೆ’ ಬೋರ್ಡು ಇದ್ದೇ ಇರುತ್ತದೆ. ಬೋರ್ಡು ಕಿತ್ತುಕೊಂಡು ಹೋದ ಗೋಡೆಗಳೂ ಅಷ್ಟೇ ಇವೆ. ಒಂದನ್ನು ಹತ್ತಿರದಿಂದ ನೋಡಿ. ನಾಲ್ಕು ಮೂಲೆಗೆ ನಾಲ್ಕು ಮೊಳೆ ಸಾಕಾಗಿರಬೇಕು, ಆದರೆ ತೂತು ಹತ್ತು ಹನ್ನೆರಡು ಇರುತ್ತವೆ. ಮೊದಲ ಮೊಳೆ ಬಾಗಿತು, ಎರಡನೆಯದು ಬ್ಲಾಕಿನ ಜಲ್ಲಿಗೆ ತಗುಲಿ ಹಿಂದಕ್ಕೆ ಎಗರಿತು, ಮೂರನೆಯದು ಕೂತಿತು. ಪ್ರತಿ ತೂತಿನ ಸುತ್ತ ಐದು ರೂಪಾಯಿ ನಾಣ್ಯದಷ್ಟು ಗಿಲಾವು ಎದ್ದಿರುತ್ತದೆ. ಅಲ್ಲಿಂದ ಕೂದಲೆಳೆಯಂಥ ಎರಡು ಮೂರು ಬಿರುಕು ಹೊರಟಿರುತ್ತವೆ. ಕೆಳಗೆ ಒಂದಡಿ ಉದ್ದದ ಕಂದು ಗೆರೆ.

ಮನೆ ಮಾಲೀಕರು ಈ ತೂತನ್ನೇ ಹಾನಿ ಅಂದುಕೊಳ್ಳುತ್ತಾರೆ. ಸ್ವಲ್ಪ ಪುಟ್ಟಿ ಒತ್ತಿ, ಮೇಲೊಂದು ಕೈ ಬಣ್ಣ ಎಳೆದು ಮುಗಿಸುತ್ತಾರೆ. ನಿಜವಾದ ಹಾನಿ ಶುರುವಾಗುವುದು ಮೊಳೆ ಹೊಡೆದ ದಿನ ಅಲ್ಲ, ಅದಾದ ಮೇಲೆ ಬರುವ ಮೊದಲ ಜೋರು ಮಳೆಯಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿಗೆ ಹತ್ತಿರ. ಅತಿ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯ ಜೊತೆ ಗೋಡೆಗೆ ಅಡ್ಡಲಾಗಿ ಹೊಡೆಯುವ ಮಳೆ ಬೇರೆ. ಆ ನೀರಿಗೆ ಒಂದು ಸೂಜಿ ದಾರಿ ಸಿಕ್ಕಿದರೆ ಸಾಕು.

ನಮ್ಮ ಕಾಂಪೌಂಡುಗಳು ಸಾಮಾನ್ಯವಾಗಿ ನಾಲ್ಕು ಅಥವಾ ಆರು ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕಿನವು. ಅದರ ಮೇಲೆ 12ರಿಂದ 15 ಮಿಲಿಮೀಟರ್ ಗಿಲಾವು, ಅದರ ಮೇಲೆ ಬಿಳಿ ಸಿಮೆಂಟಿನ ಪುಟ್ಟಿ, ಪ್ರೈಮರ್, ಎರಡು ಕೈ ಎಕ್ಸ್‌ಟೀರಿಯರ್ ಎಮಲ್ಷನ್ ಬಣ್ಣ. ಎರಡು ಇಂಚಿನ ಕಾಂಕ್ರೀಟ್ ಮೊಳೆಗೆ ಸುತ್ತಿಗೆ ಏಟು ಬಿದ್ದಾಗ ಮೊಳೆ ಒಳಗೆ ಹೋಗುವುದರ ಜೊತೆಗೆ ಗಿಲಾವೂ ಬ್ಲಾಕಿನಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಮಳೆ ನೀರು ತೂತಿನಿಂದ ಒಳಗೆ ಹೋಗಿ ಆ ಟೊಳ್ಳಿನಲ್ಲಿ ನಿಲ್ಲುತ್ತದೆ. ಎಮಲ್ಷನ್ ಪದರ ಇರುವುದರಿಂದ ನೀರು ಬೇಗ ಆವಿಯಾಗಿ ಹೊರಗೆ ಬರುವುದಿಲ್ಲ. ಬಣ್ಣ ಗುಳ್ಳೆ ಏಳುತ್ತದೆ, ಪುಟ್ಟಿ ಹಿಟ್ಟಾಗುತ್ತದೆ, ಗೋಡೆಯ ಮೇಲೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಮೂಡುತ್ತದೆ. ಜೊತೆಗೆ ಮೊಳೆಯೂ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಹಾಗಾಗಿ ಬೋರ್ಡು ಕಿತ್ತು ಮೊಳೆಯನ್ನು ಒಳಗೇ ಬಿಟ್ಟುಹೋದರೆ, ಅಥವಾ ತಲೆ ಮುರಿದು ಮುಳ್ಳು ಒಳಗೇ ಉಳಿದರೆ, ಆ ಗೋಡೆಯ ಮೇಲೆ ಎಷ್ಟು ಸಲ ಬಣ್ಣ ಹೊಡೆದರೂ ಅದೇ ಜಾಗದಲ್ಲಿ ಮತ್ತೆ ಕಂದು ಕಲೆ, ಮತ್ತೆ ಬಿರುಕು.

ಸರಿಯಾದ ರಿಪೇರಿ ಹೇಗೆ ಅಂತ ಹೇಳುತ್ತೇನೆ. ಅರ್ಧ ಕೆಲಸ ಮಾಡಿದರೆ ದುಡ್ಡು ದಂಡ.

ಮೊದಲು ತಟ್ಟಿ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತೂತಿನ ಸುತ್ತ ಒಂದಡಿ ಜಾಗದಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ಡಬ್ ಅನ್ನುತ್ತದೆ. ಡಬ್ ಅಂದಷ್ಟು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ನಾಣ್ಯದಷ್ಟು ಕಂಡ ಗಾಯ ಒಳಗೆ ಊಟದ ತಟ್ಟೆಯಷ್ಟು ಅಗಲ ಇರುವುದು ಮಾಮೂಲು.

ಮೊಳೆ ಇನ್ನೂ ಇದ್ದರೆ ನೇರವಾಗಿ ಎಳೆಯಬೇಡಿ. ಇಕ್ಕಳದಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿ ಸಡಿಲ ಮಾಡಿ. ಆಮೇಲೆ ಸುತ್ತಿಗೆಯ ಕೊಕ್ಕೆಯ ಕೆಳಗೆ ಒಂದು ಪ್ಲೈವುಡ್ ತುಂಡು ಕೊಟ್ಟು ಮೀಟಿ. ಪ್ಲೈವುಡ್ ಇಲ್ಲದೆ ಮೀಟಿದರೆ ಸುತ್ತಿಗೆಯ ತಲೆ ಗಿಲಾವಿನ ಮೇಲೆ ಕೂತು ಅದನ್ನು ಒಳಕ್ಕೆ ಒತ್ತುತ್ತದೆ, ಹೊಸ ಗಾಯ ಆಗುತ್ತದೆ. ಮೊಳೆ ಮುರಿದರೆ ಸುತ್ತ ಉಳಿಯಿಂದ ಕೆತ್ತಿ, ಮೇಲ್ಮೈಯಿಂದ ಕನಿಷ್ಠ 10 ಮಿಲಿಮೀಟರ್ ಒಳಗೆ ಕತ್ತರಿಸಿ, ಉಳಿದ ತುದಿಗೆ ಜಿಂಕ್ ಪ್ರೈಮರ್ ಮುಟ್ಟಿಸಿ.

ಟೊಳ್ಳು ಇಲ್ಲದ, ಆರು ಮಿಲಿಮೀಟರಿಗಿಂತ ಸಣ್ಣ ತೂತಿಗೆ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಸಾಕು. ಬಿರುಕನ್ನು ಪುಟ್ಟಿ ಬ್ಲೇಡಿನ ಮೂಲೆಯಿಂದ ‘ವಿ’ ಆಕಾರದಲ್ಲಿ ಐದಾರು ಮಿಲಿಮೀಟರ್ ಅಗಲಿಸಿ, ಧೂಳು ಬ್ರಷ್ ಮಾಡಿ, ಫಿಲ್ಲರನ್ನು ಎರಡು ಸಲದಲ್ಲಿ ತುಂಬಿ. ಒಂದೇ ಸಲ ತುಂಬಿದರೆ ಒಣಗುವಾಗ ಮಧ್ಯೆ ಕುಸಿಯುತ್ತದೆ. ಕೂದಲೆಳೆ ಬಿರುಕನ್ನು ಅಗಲಿಸದೆ ಮೇಲೆ ಪುಟ್ಟಿ ಎಳೆಯುವುದೇ ಎಲ್ಲ ಕಡೆ ನಡೆಯುವ ತಪ್ಪು. ಅದು ಒಂದು ಬೇಸಿಗೆ ತಡೆಯುತ್ತದೆ, ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ.

ಟೊಳ್ಳು ಇದ್ದರೆ ಕರುಣೆ ತೋರಿಸದೆ ಗೆರೆ ಹಾಕಿದಷ್ಟೂ ಗಿಲಾವನ್ನು ಬ್ಲಾಕ್ ಕಾಣುವವರೆಗೆ ತೆಗೆಯಬೇಕು. ಅಂಚನ್ನು ಕಟಿಂಗ್ ಮೆಷಿನ್ನಿಂದ ನೇರ ಚೌಕವಾಗಿ ಕತ್ತರಿಸಿ. ಹರಕಲು ಅಂಚಿಗೆ ಹೊಸ ಗಾರೆ ತೆಳುವಾಗಿ ಹತ್ತಿಕೊಂಡು ಬೇಗ ಎದ್ದುಬಿಡುತ್ತದೆ. ಬ್ಲಾಕನ್ನು ಹಿಂದಿನ ದಿನ ಸಂಜೆ ಚೆನ್ನಾಗಿ ನೆನೆಸಿ, ಬೆಳಿಗ್ಗೆ ಇನ್ನೊಮ್ಮೆ ನೀರು ಚಿಮುಕಿಸಿ. ಹೊಸ ಗಾರೆ ಅಂಟಿಕೊಳ್ಳಲು ಹಚ್ಚುವ ಲೇಟೆಕ್ಸ್ ಬಾಂಡಿಂಗ್ ಏಜೆಂಟನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಸಿಮೆಂಟಿಗೆ ಕಲಸಿ ಬ್ರಷ್‌ನಲ್ಲಿ ಹಚ್ಚಿ, ಅದು ಅಂಟಂಟಾಗಿರುವಾಗಲೇ ಗಾರೆ ಒತ್ತಬೇಕು. ಲೇಟೆಕ್ಸ್ ಒಣಗಿದ ಮೇಲೆ ಒತ್ತಿದರೆ ಅಂಟಿಸುವ ಬದಲು ಬೇರೆ ಮಾಡುವ ಪದರ ಆಗುತ್ತದೆ. ಗಾರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಪಿ-ಸ್ಯಾಂಡ್, ಅಂದರೆ ಗಿಲಾವಿಗೆಂದೇ ಕಲ್ಲು ಪುಡಿ ಮಾಡಿ ತಯಾರಿಸಿದ ಸಣ್ಣ ಮರಳು. ಎಂ-ಸ್ಯಾಂಡ್ ಬ್ಲಾಕ್ ಕಟ್ಟಲು ಸರಿ, ಗಿಲಾವಿಗೆ ಒರಟು. ಅಂಗಡಿಯಲ್ಲಿ ಪಿ-ಸ್ಯಾಂಡ್ ಅಂತಲೇ ಕೇಳಿ. ಏಳು ದಿನ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಮೇಸ್ತ್ರಿಗಳು ಎರಡನೇ ದಿನಕ್ಕೇ ಪುಟ್ಟಿ ಹಾಕಲು ಆತುರಪಡುತ್ತಾರೆ, ಬಿಡಬೇಡಿ. ಗಾರೆ ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎರಡು ಕೈ ಪುಟ್ಟಿ, 220 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ, ಎಕ್ಸ್‌ಟೀರಿಯರ್ ಪ್ರೈಮರ್, ಆಮೇಲೆ ಬಣ್ಣ.

ಬಣ್ಣದ ವಿಷಯದಲ್ಲಿ ಒಂದು ಮಾತು. ತೇಪೆಯಷ್ಟಕ್ಕೇ ಬಣ್ಣ ಹೊಡೆದರೆ ಅದೇ ಡಬ್ಬಿಯ ಬಣ್ಣವಾದರೂ ಎದ್ದು ಕಾಣುತ್ತದೆ. ಬಿಸಿಲಿಗೆ ಹಳೆಯ ಬಣ್ಣ ಮಾಸಿರುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಪೂರ್ತಿ ಪ್ಯಾನೆಲ್ ಹೊಡೆಯಬೇಕು. ಹತ್ತಡಿ ಉದ್ದ, ಐದಡಿ ಎತ್ತರ ಅಂದರೆ ಐವತ್ತು ಚದರಡಿ. ಎರಡು ಕೈಗೆ ಸುಮಾರು ಒಂದು ಲೀಟರ್ ಬಣ್ಣ. ಎರಡು ಮೊಳೆಗೆ ಒಬ್ಬ ಮೇಸ್ತ್ರಿ, ಒಬ್ಬ ಪೇಂಟರ್, ಹತ್ತು ದಿನ, ಒಂದು ಲೀಟರ್ ಬಣ್ಣ, ಅರ್ಧ ಮೂಟೆ ಪಿ-ಸ್ಯಾಂಡ್. ಬೋರ್ಡು ಹೊಡೆದವರು ಹತ್ತು ನಿಮಿಷದಲ್ಲಿ ಮುಗಿಸಿ ಹೋಗಿರುತ್ತಾರೆ. ಈ ಲೆಕ್ಕವನ್ನು ಯಾರೂ ಅವರ ಮುಂದೆ ಇಡುವುದಿಲ್ಲ, ಅದೇ ನೋವು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆ ಮನೆಗಳ ಮಾತು ಬೇರೆ. ಈ ಬಡಾವಣೆಗಳು 1890ರ ದಶಕದವು. ಅಲ್ಲಿ ಉಳಿದಿರುವ ಹಳೆ ಮನೆಗಳಲ್ಲಿ ಸುಣ್ಣದ ಗಾರೆಯ ಗೋಡೆಗಳು ಇನ್ನೂ ಇವೆ. ಸುಣ್ಣದ ಗಾರೆ ಮೆತ್ತಗೆ, ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದಕ್ಕೆ ಸಿಮೆಂಟಿನ ತೇಪೆ ಹಾಕಿದರೆ ತೇವ ತೇಪೆಯ ಸುತ್ತಲಿನ ಸುಣ್ಣದ ಮೂಲಕವೇ ಹೊರಗೆ ಬರಬೇಕಾಗುತ್ತದೆ. ಎರಡು ವರ್ಷದಲ್ಲಿ ತೇಪೆ ಗಟ್ಟಿಯಾಗಿ ನಿಂತಿರುತ್ತದೆ, ಅದರ ಸುತ್ತ ಹಳೆ ಗಾರೆ ಉಂಗುರದ ಆಕಾರದಲ್ಲಿ ಉದುರಿರುತ್ತದೆ. ಇಂಥ ಗೋಡೆಗೆ ನೆನೆಸಿದ ಸುಣ್ಣ ಒಂದು ಪಾಲು, ಸಣ್ಣ ಮರಳು ಮೂರು ಪಾಲು, ತೆಳು ಪದರಗಳಲ್ಲಿ, ನೆರಳಲ್ಲಿ ನಿಧಾನವಾಗಿ ಒಣಗುವ ಹಾಗೆ ಒದ್ದೆ ಗೋಣಿಚೀಲ ಕಟ್ಟಿ ಮಾಡಬೇಕು. ಇಂಥ ಮನೆ ಮಾರಾಟಕ್ಕಿಟ್ಟವರು ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಬಿಡಲೇಬಾರದು.

ಗೇಟಿನ ಕಡೆಗೆ ಬರೋಣ. ಮೊಳೆ ಬೇಡ ಅಂದರೆ ಮನೆ ಮಾರಿಸುವ ಏಜೆಂಟರು ಬೈಂಡಿಂಗ್ ವೈರ್ ತೆಗೆಯುತ್ತಾರೆ. ಕಬ್ಬಿಣದ ಗೇಟಿಗೆ ಅದನ್ನು ಬಿಗಿದು ಕಟ್ಟಿದರೆ, ಗೇಟು ತೆಗೆದು ಹಾಕುವಾಗಲೆಲ್ಲ ಬೋರ್ಡು ಅಲ್ಲಾಡಿ ತಂತಿ ಉಜ್ಜುತ್ತದೆ. ಒಂದು ತಿಂಗಳಲ್ಲಿ ಎನಾಮೆಲ್ ಪದರ ದಾಟಿ ಕಬ್ಬಿಣ ಕಾಣುತ್ತದೆ. ಸ್ಟೀಲ್ ಗೇಟಿಗೆ ಇನ್ನೂ ಕೆಟ್ಟದ್ದು. ತಂತಿಯ ತುಕ್ಕು ಸ್ಟೀಲಿಗೆ ಹತ್ತಿ ಕಂದು ಚುಕ್ಕೆ ಕಚ್ಚಿಕೊಳ್ಳುತ್ತದೆ. ತೆಗೆಯುವಾಗ ತಂತಿಯನ್ನು ಬಿಚ್ಚಬೇಡಿ, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ; ಬಿಚ್ಚಿದರೆ ತುದಿ ಇನ್ನೊಮ್ಮೆ ಗೀರುತ್ತದೆ. ಕಬ್ಬಿಣ ಕಂಡ ಜಾಗಕ್ಕೆ ಉಪ್ಪುಕಾಗದ, ರೆಡ್ ಆಕ್ಸೈಡ್ ಪ್ರೈಮರ್, ಎರಡು ಕೈ ಎನಾಮೆಲ್. ಸ್ಟೀಲಿನ ಮೇಲಿನ ಚುಕ್ಕೆಗೆ ಸ್ಟೀಲ್ ಕ್ಲೀನರ್ ಪೇಸ್ಟ್ ಮತ್ತು ನೈಲಾನ್ ಪ್ಯಾಡ್. ಕಬ್ಬಿಣದ ನಾರು ತಗೊಂಡು ಉಜ್ಜಿದರೆ ಕಲೆ ಹತ್ತು ಪಟ್ಟಾಗುತ್ತದೆ.

ಸ್ಟಿಕ್ಕರ್ ಮತ್ತು ಡಬಲ್ ಸೈಡ್ ಟೇಪನ್ನು ಕೈಯಲ್ಲಿ ಕೀಳಬೇಡಿ. ಹೇರ್ ಡ್ರೈಯರಿನಿಂದ ಒಂದು ನಿಮಿಷ ಬಿಸಿ ಮಾಡಿ, ಪ್ಲಾಸ್ಟಿಕ್ ಕಾರ್ಡಿನಿಂದ ಒಂದು ಮೂಲೆಯಿಂದ ಎಬ್ಬಿಸಿ, ಉಳಿದ ಅಂಟಿಗೆ ಬಟ್ಟೆಯಲ್ಲಿ ಸ್ವಲ್ಪ ಟರ್ಪೆಂಟೈನ್. ಥಿನ್ನರ್ ಹಾಕಿದರೆ ಅಂಟಿನ ಜೊತೆ ಗೇಟಿನ ಬಣ್ಣವೂ ಬರುತ್ತದೆ.

ಗ್ರಾನೈಟ್ ಹಾಸಿದ ಗೇಟ್ ಕಂಬಕ್ಕೆ ಹ್ಯಾಮರ್ ಡ್ರಿಲ್ ಇಡಲು ಬಿಡಬೇಡಿ. ಹಾಸಿರುವುದು 18, 20 ಮಿಲಿಮೀಟರಿನ ಚಪ್ಪಡಿ, ಹಿಂದೆ ಎಷ್ಟೋ ಕಡೆ ಗಾರೆ ಪೂರ್ತಿ ತುಂಬಿರುವುದಿಲ್ಲ. ಡ್ರಿಲ್ಲಿನ ಏಟು ಹಿಂಬದಿ ಟೊಳ್ಳಿರುವ ಕಡೆ ಬಿದ್ದರೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಸೀಳಿದ ಗ್ರಾನೈಟನ್ನು ಬಣ್ಣ ಬೆರೆಸಿದ ಗಮ್ಮಿನಿಂದ ಅಂಟಿಸಿ ಪಾಲಿಶ್ ಮಾಡಬಹುದು, ಆದರೆ ಗೆರೆ ಪೂರ್ತಿ ಮಾಯವಾಗುವುದಿಲ್ಲ. ಹೊಸ ಚಪ್ಪಡಿ ಹಾಕಿದರೆ ಬಣ್ಣದ ಛಾಯೆ ಹೊಂದುವುದು ಕಷ್ಟ.

ಫ್ಲೆಕ್ಸ್ ಕಂಡರೆ ಹೆಚ್ಚು ಹೆದರಬೇಕು. ಆರಡಿ ನಾಲ್ಕಡಿಯ ಫ್ಲೆಕ್ಸನ್ನು ಮೊದಲ ಮಹಡಿಯ ಗ್ರಿಲ್‌ನಿಂದ ಮಳೆ ನೀರಿನ ಪೈಪಿನವರೆಗೆ ಎಳೆದು ಕಟ್ಟುತ್ತಾರೆ. ಅದು 24 ಚದರಡಿ ಅಂದರೆ 2.2 ಚದರ ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಅದರ ಮೇಲೆ ಬೀಳುವ ಒತ್ತಡ ಹತ್ತಿರ ಹತ್ತಿರ 40 ಕೆಜಿ ತೂಕಕ್ಕೆ ಸಮ. ಅದೂ ಒಂದೇ ಸಮನೆ ಅಲ್ಲ, ಪಟಪಟ ಅಂತ ಜಗ್ಗಿ ಜಗ್ಗಿ. ಪಿವಿಸಿ ಪೈಪಿನ ಕ್ಲಾಂಪು ನೀರು ಹರಿಯುವ ಪೈಪನ್ನು ಹಿಡಿಯಲು ಮಾತ್ರ ಇರುವುದು, ಈ ಜಗ್ಗಾಟಕ್ಕಲ್ಲ. ಮೊದಲು ಕ್ಲಾಂಪಿನ ಸ್ಕ್ರೂ ಗೋಡೆಯಿಂದ ಸಡಿಲವಾಗುತ್ತದೆ, ಆಮೇಲೆ ಪೈಪಿನ ಜಾಯಿಂಟ್ ಕಾಲಿಂಚು ಬಿಡುತ್ತದೆ. ಅಲ್ಲಿಂದ ಛಾವಣಿಯ ನೀರೆಲ್ಲ ಗೋಡೆಯ ಮೇಲೆ ಇಳಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಳಗಿನ ರೂಮಿನ ಗೋಡೆಯಲ್ಲಿ ತೇವ. ಫ್ಲೆಕ್ಸ್ ಕಟ್ಟಿದ್ದ ಮನೆಯಲ್ಲಿ ತೇವ ಕಂಡರೆ ಟೆರೇಸಿನ ವಾಟರ್‌ಪ್ರೂಫಿಂಗ್ ಒಡೆಸುವ ಮೊದಲು ಆ ಪೈಪಿನ ಜಾಯಿಂಟ್ ನೋಡಿ.

ಖಾಲಿ ಸೈಟುಗಳಲ್ಲಿ ಬೋರ್ಡು ನೆಡುವುದಕ್ಕೆ ಎರಡಡಿ ಗುಂಡಿ ತೆಗೆಯುತ್ತಾರೆ, ಅದೂ ರಸ್ತೆಗೆ ಕಾಣಲೆಂದು ಚರಂಡಿಯ ಪಕ್ಕದಲ್ಲೇ. ಪಕ್ಕದ ಮನೆಯ ಕಾವೇರಿ ನೀರಿನ ಪೈಪು, ಬೆಸ್ಕಾಂನ ಕರೆಂಟ್ ಕೇಬಲ್, ಹಳದಿ ಗ್ಯಾಸ್ ಪೈಪು ಓಡುವುದು ಅಲ್ಲೇ. ಹಾರೆ ಹಾಕಿ ಕುಟ್ಟುವ ಬದಲು ಸಲಿಕೆಯಲ್ಲಿ ತೆಗೆಯಬೇಕು, ಪೈಪು, ಕೇಬಲಿನ ಮೇಲೆ ಹೂತಿಡುವ ಎಚ್ಚರಿಕೆ ಟೇಪು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಮೂರು ನಾಲ್ಕಡಿ ಸೈಟಿನ ಒಳಗೆ ನೆಟ್ಟರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಪೈಪು ಒಡೆದರೆ ಜಲಮಂಡಳಿಗೆ 1916, ಕೇಬಲಿಗೆ ತಗುಲಿದರೆ ಬೆಸ್ಕಾಂಗೆ 1912. ಗ್ಯಾಸಿನ ವಾಸನೆ ಬಂದರೆ ಎಲ್ಲರೂ ದೂರ ಹೋಗಬೇಕು, ಅಲ್ಲೇ ನಿಂತು ಮೊಬೈಲ್ ಕೂಡ ತೆಗೆಯಬಾರದು. ಇನ್ನೊಂದು ವಿಷಯ: ಬೋರ್ಡನ್ನು ಸೈಟಿನ ಮೂಲೆಯ ಬಾಂದು ಕಲ್ಲಿಗೆ ಒರಗಿಸಿ ಕಟ್ಟುವ ಅಭ್ಯಾಸ ಇದೆ. ಗಾಳಿಗೆ ಬೋರ್ಡು ಬಿದ್ದಾಗ ಕಲ್ಲೂ ವಾಲುತ್ತದೆ. ಯಾರೋ ಅಂದಾಜಿನ ಮೇಲೆ ನೆಟ್ಟಗೆ ಮಾಡುತ್ತಾರೆ, ಅರ್ಧ ಅಡಿ ಅತ್ತ ಇತ್ತ ಆಗುತ್ತದೆ. ಆಮೇಲೆ ಪಕ್ಕದ ಸೈಟಿನವರೊಂದಿಗೆ ಜಗಳ, ಹೊಸದಾಗಿ ಸರ್ವೆ.

ಮರಕ್ಕೆ ಹೊಡೆದ ಮೊಳೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊಂಗೆ, ಮಳೆಮರ, ತಬೂಬಿಯಾ ಯಾವುದನ್ನೂ ಬಿಟ್ಟಿಲ್ಲ. ತೊಗಟೆಯ ಕೆಳಗಿನ ತೆಳು ಪದರದಲ್ಲೇ ಮರ ಬೆಳೆಯುವುದು. ಮೊಳೆ ಅದನ್ನು ಸೀಳುತ್ತದೆ, ತೂತಿನಿಂದ ಶಿಲೀಂಧ್ರ ಒಳಗೆ ಹೋಗುತ್ತದೆ. ಸುತ್ತಿ ಕಟ್ಟಿದ ತಂತಿ ಇನ್ನೂ ಅಪಾಯ. ಕಾಂಡ ದಪ್ಪವಾದಂತೆ ತಂತಿ ಒಳಗೆ ಹೂತು ರಸ ಹರಿಯುವ ದಾರಿಯನ್ನೇ ಕಟ್ಟಿಬಿಡುತ್ತದೆ. ಮೊಳೆಯನ್ನು ಮರದ ತುಂಡು ಕೊಟ್ಟು ನೇರವಾಗಿ ಎಳೆದು ತೆಗೆಯಿರಿ. ತೂತಿಗೆ ಸಿಮೆಂಟ್, ಎಂ-ಸೀಲ್ ಏನೂ ತುಂಬಬೇಡಿ, ಮರ ತಾನೇ ಮುಚ್ಚಿಕೊಳ್ಳುತ್ತದೆ. ತೊಗಟೆ ಮುಚ್ಚಿಕೊಂಡು ಹೂತುಹೋದ ತಂತಿಯನ್ನು ಕೆತ್ತಿ ತೆಗೆಯಲು ಹೋಗಬೇಡಿ. ಹೊರಗೆ ಕಾಣುವಷ್ಟನ್ನು ಕತ್ತರಿಸಿ ಬಿಡಿ.

ಗೋಡೆ ಮೇಲೆ ಅಚ್ಚಿಟ್ಟು ಸ್ಪ್ರೇ ಮಾಡಿದ ಫೋನ್ ನಂಬರು ಇದೆಯಲ್ಲ, ಅದರ ಮೇಲೆ ನೇರ ಎಮಲ್ಷನ್ ಹೊಡೆದರೆ ಆರು ತಿಂಗಳಲ್ಲಿ ನಂಬರಿನ ಆಕಾರದಲ್ಲೇ ಬಣ್ಣ ಸುಲಿಯುತ್ತದೆ, ನುಣುಪಾದ ಎಣ್ಣೆ ಬಣ್ಣಕ್ಕೆ ಎಮಲ್ಷನ್ ಹಿಡಿಯುವುದಿಲ್ಲ. 120 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಹೋಗುವವರೆಗೆ ತಿಕ್ಕಿ, ಪ್ರೈಮರ್, ಆಮೇಲೆ ಎರಡು ಕೈ. ಮೈದಾ ಅಂಟಿನ ಪೋಸ್ಟರಿಗೆ ಬಿಸಿನೀರು ಚಿಮುಕಿಸಿ ಹದಿನೈದು ನಿಮಿಷ ಬಿಟ್ಟು ಪ್ಲಾಸ್ಟಿಕ್ ಬ್ಲೇಡಿನಿಂದ ಎಬ್ಬಿಸಿ.

ಈಗ, ಮನೆ ಮಾರಬೇಕು, ಬೋರ್ಡು ಬೇಕೇ ಬೇಕು ಅನ್ನುವವರಿಗೆ. ಕಬ್ಬಿಣ ಗೋಡೆಯನ್ನಾಗಲಿ ಗೇಟನ್ನಾಗಲಿ ನೇರವಾಗಿ ಮುಟ್ಟಬಾರದು, ಅಷ್ಟೇ ನಿಯಮ. ಕಾಂಪೌಂಡಿನ ತಲೆಯ ಮೇಲೆ ಕೂರುವ ‘ಯು’ ಆಕಾರದ ಕೊಕ್ಕೆಯನ್ನು ಯಾವ ಫ್ಯಾಬ್ರಿಕೇಷನ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ: 25 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಪಟ್ಟಿ, ಗೋಡೆಯ ದಪ್ಪಕ್ಕಿಂತ ಹತ್ತು ಮಿಲಿಮೀಟರ್ ಅಗಲ ಬಾಯಿ, ಒಳಗೆ ಹಳೆ ಸೈಕಲ್ ಟ್ಯೂಬಿನ ರಬ್ಬರ್. ಎರಡು ಕೊಕ್ಕೆಗೆ ಎರಡಡಿ ಒಂದೂವರೆ ಅಡಿಯ ಬೋರ್ಡು ತೂಗುಬಿಟ್ಟರೆ ಸಾಕು. ಗೇಟಿಗಾದರೆ ಸರಳಿಗೆ ಟ್ಯೂಬ್ ಸುತ್ತಿ, ಮೇಲೆ ನೈಲಾನ್ ಕೇಬಲ್ ಟೈ. ಬಿಸಿಲಿಗೆ ಬಿಳಿ ಟೈ ಬೇಗ ಪುಡಿಯಾಗುತ್ತದೆ, ಕಪ್ಪು ಟೈ ತಗೊಳ್ಳಿ. ಬೋರ್ಡಿನಲ್ಲಿ ಗಾಳಿ ದಾಟಲು ನಾಲ್ಕೈದು ತೂತು ಇದ್ದರೆ ಒಳ್ಳೆಯದು.

ಏಜೆಂಟರ ಜೊತೆ ಕಮಿಷನ್ ಮಾತಾಡುವಾಗಲೇ ಬೋರ್ಡಿನ ಮಾತೂ ಮುಗಿಸಿ, ವಾಟ್ಸಾಪಿನಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ಬೋರ್ಡು, ಎಲ್ಲಿ, ಹೇಗೆ ಕಟ್ಟುವುದು. ಮಾರಾಟವಾದ ಏಳು ದಿನದೊಳಗೆ ತೆಗೆಯುವುದು ಅವರ ಜವಾಬ್ದಾರಿ. ಹಾನಿಯಾದರೆ ರಿಪೇರಿ ಖರ್ಚು ಕಮಿಷನ್ನಿನಲ್ಲಿ ಕಳೆಯುವುದು. ಬೋರ್ಡು ಕಟ್ಟುವ ಮೊದಲು ಗೋಡೆ, ಗೇಟಿನ ನಾಲ್ಕು ಫೋಟೋ ತೆಗೆದು ಅದೇ ಚಾಟಿಗೆ ಕಳಿಸಿಬಿಡಿ. ಕೊಂಡುಕೊಳ್ಳುವವರು ಕೂಡ ಕ್ರಯಪತ್ರದ ದಿನಕ್ಕೆ ಮುಂಚೆ ಕಾಂಪೌಂಡು ತಟ್ಟಿ ನೋಡುವುದು ಒಳ್ಳೆಯದು. ಆಮೇಲೆ ಯಾರನ್ನು ಕೇಳುವುದು?

ಕೇಳದೆಯೇ ಹೊಡೆದುಹೋಗುವವರ ವಿಷಯಕ್ಕೆ ಕಾನೂನು ಇದೆ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪಗೊಳಿಸುವಿಕೆ ತಡೆ ಕಾಯ್ದೆಯ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಕಾಣುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಖಾಸಗಿ ಗೋಡೆಯೂ ಇದರಲ್ಲಿ ಸೇರುತ್ತದೆ. ಹಾನಿಯಾಗುತ್ತದೆಂದು ಗೊತ್ತಿದ್ದೂ ಬೇರೆಯವರ ಆಸ್ತಿ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಅಡಿ ಅಪರಾಧ. ನಷ್ಟ 20,000 ರೂಪಾಯಿ ದಾಟಿದರೆ ಶಿಕ್ಷೆಯೂ ಹೆಚ್ಚು. ಆದರೆ ಠಾಣೆಗೆ ಹೋಗುವ ಮೊದಲು ಬೋರ್ಡಿನ ಮೇಲಿನ ನಂಬರಿಗೇ ಒಂದು ಮೆಸೇಜ್ ಕಳಿಸಿ. ಬೋರ್ಡು, ಮೊಳೆ, ನಂಬರು ಮೂರೂ ಕಾಣುವ ಒಂದು ಫೋಟೋ. ತೂತಿನ ಪಕ್ಕ ಸ್ಕೇಲ್ ಇಟ್ಟು ತೆಗೆದ ಇನ್ನೊಂದು. ಮೇಸ್ತ್ರಿ ಕೈಯಲ್ಲಿ ಬರೆಸಿದ ಅಂದಾಜು ಪಟ್ಟಿ, ಅದರಲ್ಲಿ ಗಿಲಾವು ಎಷ್ಟು ಚದರಡಿ, ಬಣ್ಣ ಎಷ್ಟು ಲೀಟರ್, ಕೂಲಿ ಎಷ್ಟು ದಿನ ಅಂತ ಬಿಡಿಬಿಡಿಯಾಗಿ. ಹತ್ತು ದಿನ ಗಡುವು. ಬೋರ್ಡನ್ನು ನೀವೇ ಕಿತ್ತರೆ ಬಿಸಾಡಬೇಡಿ, ಗಡುವು ಮುಗಿಯುವವರೆಗೆ ಒಳಗೆ ಇಟ್ಟುಕೊಳ್ಳಿ. ಪಾಲಿಕೆಗೆ ದೂರು ಕೊಡುವುದಾದರೆ 1533ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಂಡು ಅದೇ ಮೆಸೇಜಿಗೆ ಸೇರಿಸಿ ಕಳಿಸಿ.